ಹೊಡೆದಾಟ ಎಲ್ಲಿ ನಿಲ್ಲುತ್ತದೆ? ವಜ್ರಮುಷ್ಟಿಯಿಂದ ಬಾಕ್ಸಿಂಗ್ ರಿಂಗ್‌ವರೆಗೆ

ಕಳೆದ ದಸರಾ ರಜೆಗೆ ಅಕ್ಕನ ಮಗಳು ನಮ್ಮ ಮನೆಗೆ ಬಂದಿದ್ದಳು. ನಾಲ್ಕನೇ ಕ್ಲಾಸು. ವಿಜಯದಶಮಿಯ ದಿನ ಜಂಬೂ ಸವಾರಿ ಯಾವಾಗ ಶುರುವಾಗುತ್ತೋ ಅಂತ ಟಿವಿ ಮುಂದೆ ಕಾಯುತ್ತಾ ಕೂತಿದ್ದಳು. ಅಷ್ಟರಲ್ಲಿ ಅರಮನೆಯ ವಜ್ರಮುಷ್ಟಿ ಕಾಳಗ ತೋರಿಸಿದರು. ತಲೆ ಬೋಳಿಸಿಕೊಂಡ ಇಬ್ಬರು ಜಟ್ಟಿಗಳು ಕೆಮ್ಮಣ್ಣಿನ ಮೇಲೆ ಎದುರುಬದುರು ನಿಂತರು. ಒಂದು ನಿಮಿಷ ಆಗಿತ್ತೋ ಇಲ್ಲವೋ, ಒಬ್ಬರ ನೆತ್ತಿಯಿಂದ ರಕ್ತ ಇಳಿಯಿತು. ಕಾಳಗ ಮುಗಿಯಿತು.

"ಮಾವ, ಅವರಿಬ್ಬರೂ ಜಗಳ ಆಡಿದ್ರಾ?" ಅಂದಳು. ಇಲ್ಲ ಪುಟ್ಟಿ ಅಂದೆ. "ಮತ್ತೆ ಯಾಕೆ ಹೊಡ್ಕೊಂಡ್ರು? ಪೊಲೀಸ್ನೋರು ಅಲ್ಲೇ ಇದ್ರಲ್ಲ, ಯಾಕೆ ಹಿಡೀಲಿಲ್ಲ?"

ಒಳ್ಳೆಯ ಪ್ರಶ್ನೆಗಳು. ದಸರಾ ಬಂದಾಗ, ಒಲಿಂಪಿಕ್ಸ್‌ನಲ್ಲಿ ನಮ್ಮವರು ಕುಸ್ತಿ ಆಡಿದಾಗ, ರಿಂಗ್‌ನಲ್ಲಿ ಯಾರಿಗೋ ಪೆಟ್ಟಾಗಿ ಸುದ್ದಿಯಾದಾಗ ದೊಡ್ಡವರಿಗೂ ಇವೇ ಪ್ರಶ್ನೆ ಬರುತ್ತವೆ. ಅವಳಿಗೆ ಹೇಳಿದ್ದನ್ನೇ ಸ್ವಲ್ಪ ಜಾಸ್ತಿ ವಿವರ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಜಗಳ ಬೇರೆ, ಪಂದ್ಯ ಬೇರೆ

ಬಸ್ ಸ್ಟ್ಯಾಂಡಿನಲ್ಲಿ ಇಬ್ಬರು ಹೊಡೆದಾಡಿದ್ದನ್ನು ನೀವು ನೋಡಿರುತ್ತೀರಿ. ಮೊದಲು ಮಾತು, ಆಮೇಲೆ ಕೊರಳಪಟ್ಟಿ. ಒಬ್ಬ ದಪ್ಪ, ಇನ್ನೊಬ್ಬ ಸಣಕಲ. ನಡುವೆ ಒಬ್ಬನ ಗೆಳೆಯರು ಬಂದು ಸೇರಿಕೊಳ್ಳುತ್ತಾರೆ. ಯಾರ ಕೈಗೆ ಕಲ್ಲು ಸಿಗುತ್ತದೋ ಹೇಳಲು ಬರುವುದಿಲ್ಲ. ಎಲ್ಲಕ್ಕಿಂತ ಭಯದ ವಿಷಯ ಅಂದರೆ, ಅದು ಯಾವಾಗ ಮುಗಿಯುತ್ತದೆ ಅಂತ ಹೊಡೆದಾಡುವವರಿಗೇ ಗೊತ್ತಿರುವುದಿಲ್ಲ.

ಪಂದ್ಯದಲ್ಲಿ ಮೊದಲ ಏಟು ಬೀಳುವ ಮುಂಚೆಯೇ ಇದೆಲ್ಲ ತೀರ್ಮಾನ ಆಗಿರುತ್ತದೆ. ಯಾರ ಜೊತೆ ಯಾರು, ಏನು ಮಾಡಬಾರದು, ಎಲ್ಲಿಗೆ ನಿಲ್ಲಿಸಬೇಕು. 'ಸಾಕು' ಅನ್ನಲು ಮೂರನೆಯವರೊಬ್ಬರು ಪಕ್ಕದಲ್ಲೇ ನಿಂತಿರುತ್ತಾರೆ. ಏಟು ಎರಡು ಕಡೆಯೂ ನಿಜ, ನೋವೂ ನಿಜ. ಆದರೆ ಪಂದ್ಯಕ್ಕೆ ಒಂದು ಬೇಲಿ ಇದೆ. ಹೊಡೆದಾಟದ ಯಾವ ಆಟವನ್ನು ನೋಡಿದರೂ ನಾನು ಮೊದಲು ಕೇಳಿಕೊಳ್ಳುವುದು ಇದನ್ನೇ: ಇದು ಎಲ್ಲಿ ನಿಲ್ಲುತ್ತದೆ? ಆ ಒಂದು ಉತ್ತರ ಸಿಕ್ಕರೆ ಉಳಿದದ್ದು ತಾನಾಗಿ ಬಿಚ್ಚಿಕೊಳ್ಳುತ್ತದೆ.

ಒಂದು ಹನಿ ರಕ್ತ

ವಜ್ರಮುಷ್ಟಿ ಅಂದರೆ ಬೆರಳುಗಳಿಗೆ ಸೇರಿಸಿ ಹಿಡಿದುಕೊಳ್ಳುವ ಮೊನಚಾದ ಒಂದು ಸಣ್ಣ ಆಯುಧ. ಅದನ್ನು ಹಿಡಿದು ಹೋರಾಡುವವರು ಜಟ್ಟಿ ಮನೆತನದವರು. ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರದಿಂದ ಬರುತ್ತಾರೆ. ಸಾಮಾನ್ಯವಾಗಿ ಎರಡು ಜೋಡಿ. ಅರಮನೆಯ ಒಳಗಿನ ತೊಟ್ಟಿಯಲ್ಲಿ ಮಣ್ಣು ಹಾಸಿ ಕಣ ಸಿದ್ಧ ಮಾಡಿರುತ್ತಾರೆ. ರಾಜವಂಶಸ್ಥರು ಕೂತು ನೋಡುತ್ತಾರೆ.

ಇದು ನಿಲ್ಲುವುದು ಮೊದಲ ರಕ್ತಕ್ಕೆ. ಒಂದು ಹನಿ ಕಾಣಿಸಿತೋ, ಪಕ್ಕದಲ್ಲಿರುವ ಹಿರಿಯರು ಇಬ್ಬರನ್ನೂ ಬಿಡಿಸಿಬಿಡುತ್ತಾರೆ. ಅದಾದ ಮೇಲೆ ರಾಜವಂಶಸ್ಥರು ವಿಜಯಯಾತ್ರೆ ಹೊರಟು ಭುವನೇಶ್ವರಿ ಗುಡಿಯ ಹತ್ತಿರ ಬನ್ನಿ ಪೂಜೆ ಮಾಡುತ್ತಾರೆ. ಅಲ್ಲಿಗೆ ಯಾರು ಗೆದ್ದರು ಅನ್ನುವುದು ದೊಡ್ಡ ವಿಷಯವೇ ಅಲ್ಲ. ಟಿವಿ ನೋಡುವವರಿಗೆ 'ಇಷ್ಟೇನಾ?' ಅನ್ನಿಸುವುದು ಅದಕ್ಕೇ. ಅದು ಪಂದ್ಯಕ್ಕಿಂತ ಹೆಚ್ಚಾಗಿ ಪೂಜೆಯ ಒಂದು ಭಾಗ. ಆಯುಧಪೂಜೆ, ಬನ್ನಿ ಪೂಜೆ ಎಲ್ಲವೂ ಯುದ್ಧಕ್ಕೆ ಹೊರಡುವ ಕಾಲದ ಆಚರಣೆಗಳು. ಯುದ್ಧ ಹೋಯಿತು, ಅದರ ಬದಲಿಗೆ ಒಂದು ಹನಿ ರಕ್ತ ಉಳಿಯಿತು.

ಹಂಪಿಯಲ್ಲಿ ಕಂಡದ್ದು

ಹಿಂದೆ ಬೇಲಿ ಇಷ್ಟು ಹತ್ತಿರ ಇರಲಿಲ್ಲ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಮಹಾನವಮಿಯ ಮಲ್ಲಯುದ್ಧ ನೋಡಿ ಬರೆದಿಟ್ಟಿದ್ದಾನೆ. ಹಲ್ಲು ಮುರಿಯುವಂಥ, ಕಣ್ಣು ಹೋಗುವಂಥ, ಮುಖ ವಿಕಾರವಾಗುವಂಥ ಏಟುಗಳು ಬೀಳುತ್ತಿದ್ದವಂತೆ. ಮಾತು ನಿಂತುಹೋದವರನ್ನು ಗೆಳೆಯರು ಹೊತ್ತುಕೊಂಡು ಹೋಗುತ್ತಿದ್ದರಂತೆ. ಆದರೆ ಅದೇ ಜಾಗದಲ್ಲಿ ಇನ್ನೊಂದು ಮಾತನ್ನೂ ಹೇಳುತ್ತಾನೆ. ಕಣದಲ್ಲಿ ಇಬ್ಬರನ್ನೂ ಸಮನಾಗಿ ನಿಲ್ಲಿಸಲು, ಗೆದ್ದವನಿಗೆ ಮರ್ಯಾದೆ ಸಲ್ಲಿಸಲು ತೀರ್ಪುಗಾರರಿದ್ದರು. ಅಷ್ಟು ಕ್ರೂರ ಆಟದಲ್ಲೂ ಮೂರನೆಯವರೊಬ್ಬರು ಇದ್ದೇ ಇದ್ದರು, ನೋಡಿ.

ಕೃಷ್ಣದೇವರಾಯನ ದಿನಚರಿಯೂ ಪಾಯಸ್‌ನ ಬರಹದಲ್ಲಿದೆ. ಬೆಳಕು ಹರಿಯುವ ಮುಂಚೆ ಎದ್ದು ಎಳ್ಳೆಣ್ಣೆ ಕುಡಿದು, ಮೈಗೆಲ್ಲ ಅದನ್ನೇ ಹಚ್ಚಿಕೊಂಡು, ಮಣ್ಣಿನ ಭಾರ ಎತ್ತಿ, ಕತ್ತಿ ತಿರುಗಿಸಿ, ಎಣ್ಣೆಯೆಲ್ಲ ಬೆವರಾಗಿ ಇಳಿಯುವವರೆಗೂ ಸಾಮು ಮಾಡುತ್ತಿದ್ದ. ಆಮೇಲೆ ತನ್ನ ಜಟ್ಟಿಯೊಬ್ಬನ ಜೊತೆ ಕುಸ್ತಿ. ಗರಡಿಯಲ್ಲಿ ಬೆಳೆದವರಿಗೆ ಇದು ಓದಿದ ಕೂಡಲೇ ಗುರುತು ಸಿಗುತ್ತದೆ.

ಅದಕ್ಕೂ ನಾನೂರು ವರ್ಷ ಮೊದಲು, 12ನೇ ಶತಮಾನದಲ್ಲಿ, ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ತನ್ನ 'ಮಾನಸೋಲ್ಲಾಸ'ದಲ್ಲಿ ಮಲ್ಲರ ಬಗ್ಗೆ ಒಂದು ಭಾಗವನ್ನೇ ಬರೆದ. ಅದಕ್ಕೆ ಇಟ್ಟ ಹೆಸರು 'ಮಲ್ಲ ವಿನೋದ'. ವಿನೋದ ಅಂದರೆ ಮನರಂಜನೆ. ಹೊಡೆದಾಟವನ್ನು ಕೂತು ನೋಡುವುದು ಟಿವಿ ಬಂದ ಮೇಲೆ ಶುರುವಾದ ಚಟ ಅಂತ ಯಾರಾದರೂ ಅಂದರೆ ಇದನ್ನು ನೆನಪಿಸಬಹುದು.

ಗರಡಿಯೊಳಗೆ

ಮೈಸೂರಿನ ಹಳೇ ಬೀದಿಗಳಲ್ಲಿ ಇವತ್ತಿಗೂ ಗರಡಿ ಮನೆಗಳಿವೆ. ಉತ್ತರ ಕರ್ನಾಟಕದಲ್ಲಿ ಇದಕ್ಕೇ ತಾಲೀಮು ಅನ್ನುತ್ತಾರೆ. (ತುಳುನಾಡಿನಲ್ಲಿ ಗರಡಿ ಅಂದರೆ ಕೋಟಿ ಚೆನ್ನಯರನ್ನು ಆರಾಧಿಸುವ ಜಾಗ. ಅವರೂ ವೀರರೇ, ಹಾಗಾಗಿ ಹೆಸರಿನ ನಂಟು ಕಡಿದಿಲ್ಲ.) ಹಳೇ ಗರಡಿಯ ಬಾಗಿಲು ಗಿಡ್ಡ. ಎಂಥ ಪೈಲ್ವಾನನೂ ತಲೆ ಬಗ್ಗಿಸಿಯೇ ಒಳಗೆ ಹೋಗಬೇಕು. ಗೋಡೆಯ ಮೇಲೆ ಆಂಜನೇಯ, ಮೂಲೆಯಲ್ಲಿ ಗದೆ, ನಡುವೆ ಮಟ್ಟಿ. ಮಟ್ಟಿ ಅಂದರೆ ಕುಸ್ತಿ ಆಡುವ ಮಣ್ಣಿನ ಕಣ.

ಆ ಮಣ್ಣನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕು. ಜರಡಿ ಹಿಡಿದ ಕೆಮ್ಮಣ್ಣು. ಅದಕ್ಕೆ ಎಣ್ಣೆ, ಅರಿಶಿನ, ಕುಂಕುಮ, ನಿಂಬೆರಸ ಸೇರಿಸಿರುತ್ತಾರೆ. ಹಿಡಿದರೆ ಉಂಡೆಯಾಗುತ್ತದೆ, ಬಿಟ್ಟರೆ ಉದುರುತ್ತದೆ. ಹಸಿ ಮಣ್ಣಿನ ವಾಸನೆಯ ಜೊತೆ ಅರಿಶಿನದ ಘಾಟು. ಬೆಳಗಿನ ಜಾವ ಹುಡುಗರು ಬಂದು ಮೊದಲು ಮಾಡುವ ಕೆಲಸ ಗುದ್ದಲಿ ಹಿಡಿದು ಅದನ್ನು ಅಗೆಯುವುದು. ಅಗೆಯದೆ ಬಿಟ್ಟರೆ ಮಣ್ಣು ಗಟ್ಟಿಯಾಗುತ್ತದೆ, ಬಿದ್ದವನ ಮೂಳೆ ಮುರಿಯುತ್ತದೆ. ಅಂದರೆ ನಾಳೆ ನನ್ನ ಎದುರಾಳಿ ಬೀಳುವ ಜಾಗವನ್ನು ಇವತ್ತು ನಾನೇ ಮೆತ್ತಗೆ ಮಾಡಿಡಬೇಕು. ಗರಡಿಯ ನೀತಿಪಾಠ ಅಂತ ಬೇರೆ ಏನೂ ಬೇಕಿಲ್ಲ ಅನ್ನಿಸುತ್ತದೆ ನನಗೆ.

ಆಮೇಲೆ ದಂಡ, ಬಸ್ಕಿ. ಆಮೇಲೆ ಪಟ್ಟು ಕಲಿಯುವುದು. ಕಲಿಸುವವರು ವಸ್ತಾದರು. ಗರಡಿಯಲ್ಲಿ ಅವರ ಮಾತೇ ಕೊನೆ. ಹೊರಗೆ ಬೀದಿ ಜಗಳಕ್ಕೆ ಕೈ ಎತ್ತಿದವನನ್ನು ವಸ್ತಾದರು ಮಟ್ಟಿಗೆ ಇಳಿಸದೆ ನಿಲ್ಲಿಸಿದ ಕಥೆ ಹಳೇ ಪೈಲ್ವಾನರನ್ನು ಕೇಳಿದರೆ ಸಿಗುತ್ತದೆ.

ದಸರಾ ಕುಸ್ತಿಗೆ ಮುಂಚೆ ನಡೆಯುವ 'ಜೋಡಿ ಕಟ್ಟುವುದು' ಅನ್ನುವ ಕೆಲಸ ಇದೆಯಲ್ಲ, ಅದನ್ನು ಕುಸ್ತಿಯಷ್ಟೇ ಆಸೆಯಿಂದ ನೋಡುವವರಿದ್ದಾರೆ. ಬೇರೆ ಬೇರೆ ಊರಿನ ಪೈಲ್ವಾನರು ಬಂದು ಸೇರುತ್ತಾರೆ. ಹಿರಿಯರು ಇಬ್ಬಿಬ್ಬರನ್ನು ಅಕ್ಕಪಕ್ಕ ನಿಲ್ಲಿಸಿ ನೋಡುತ್ತಾರೆ. ವಯಸ್ಸು, ಮೈಕಟ್ಟು, ತೂಕ, ಹಿಂದೆ ಎಷ್ಟು ಕುಸ್ತಿ ಆಡಿದ್ದಾನೆ, ಯಾವ ಗರಡಿಯವನು. ಸರಿಹೊಂದಿತು ಅನ್ನಿಸಿದರೆ ಜೋಡಿ. ನೊಗಕ್ಕೆ ಎತ್ತು ಹೊಂದಿಸಿದ ಹಾಗೆ. ಒಂದು ಎಳೆಗರು, ಒಂದು ಬಲಿತ ಎತ್ತು ಕಟ್ಟಿದರೆ ಗದ್ದೆಯೂ ಹಾಳು, ಕರುವೂ ಹಾಳು.

ಮೈಸೂರಿನ ಗೋಡೆ ಪೋಸ್ಟರುಗಳಲ್ಲಿ 'ಪಾಯಿಂಟ್ ಕುಸ್ತಿ', 'ಮಾರ್ಫಿಟ್ ಕುಸ್ತಿ' ಅಂತ ಬರೆದಿರುವುದನ್ನು ನೋಡಿರಬಹುದು. ಪಾಯಿಂಟ್ ಕುಸ್ತಿಯಲ್ಲಿ ಪಟ್ಟಿಗೆ ಇಷ್ಟು ಅಂಕ ಅಂತ ಲೆಕ್ಕ. ಮಾರ್ಫಿಟ್‌ನಲ್ಲಿ ಅಂಕವೇ ಇಲ್ಲ. ಎದುರಾಳಿಯನ್ನು ಚಿತ್ ಮಾಡಬೇಕು, ಅಂದರೆ ಬೆನ್ನು ಮಣ್ಣಿಗೆ ತಾಗಿಸಬೇಕು. ನಾಡಕುಸ್ತಿ ನಿಲ್ಲುವುದು ಅಲ್ಲಿ. ಗೆದ್ದವರಿಗೆ ಗದೆ, ದಸರಾ ಕಂಠೀರವ, ದಸರಾ ಕೇಸರಿ, ದಸರಾ ಕುಮಾರ ಅನ್ನುವ ಬಿರುದು. ಹೆಣ್ಣುಮಕ್ಕಳಿಗೆ ದಸರಾ ಕಿಶೋರಿ.

ಮಣ್ಣಿನಿಂದ ಮ್ಯಾಟಿಗೆ

ಒಲಿಂಪಿಕ್ಸ್ ಕುಸ್ತಿ ರಬ್ಬರಿನಂಥ ಮ್ಯಾಟಿನ ಮೇಲೆ ನಡೆಯುತ್ತದೆ. ಮೂರು ನಿಮಿಷದ ಎರಡು ಸುತ್ತು, ನಡುವೆ 30 ಸೆಕೆಂಡು ಬಿಡುವು. ಫ್ರೀಸ್ಟೈಲ್‌ನಲ್ಲಿ ಎದುರಾಳಿಯನ್ನು ಕೆಡವಿ ಹಿಡಿತಕ್ಕೆ ತಂದರೆ 2 ಅಂಕ. ಎತ್ತಿ ಎಸೆದರೆ ಇನ್ನೂ ಜಾಸ್ತಿ. 10 ಅಂಕ ಮುಂದೆ ಹೋದರೆ ಆಟ ಅಲ್ಲಿಗೇ ಮುಗಿಯಿತು. ಎರಡೂ ಭುಜ ಮ್ಯಾಟಿಗೆ ಒತ್ತಿ ಹಿಡಿದರಂತೂ ಅಂಕದ ಲೆಕ್ಕವೇ ಬೇಡ, ಗೆದ್ದ ಹಾಗೆ.

ಮಣ್ಣಿನವರಿಗೆ ಮ್ಯಾಟು ಸುಲಭವಲ್ಲ. ಮಣ್ಣಿನಲ್ಲಿ ಕಾಲು ಹೂತು ನಿಲ್ಲುತ್ತದೆ, ಹಿಡಿತ ನಿಧಾನಕ್ಕೆ ಬಿಗಿಯುತ್ತದೆ. ಮ್ಯಾಟಿನ ಮೇಲೆ ಎಲ್ಲವೂ ವೇಗ. ಕೊಲ್ಹಾಪುರದ ಮಣ್ಣಿನಲ್ಲಿ ಪಳಗಿದ್ದ ಖಾಶಾಬಾ ಜಾಧವ್ 1948ರಲ್ಲಿ ಲಂಡನ್ನಿಗೆ ಹೋಗಿ 6ನೇ ಸ್ಥಾನ ಪಡೆದರು. ಮತ್ತೆ ನಾಲ್ಕು ವರ್ಷ ದುಡಿದು 1952ರಲ್ಲಿ ಹೆಲ್ಸಿಂಕಿಯಲ್ಲಿ ಕಂಚು ಗೆದ್ದರು. ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ ಅದು. ಬೆಳಗಾವಿ ಕಡೆಯ ತಾಲೀಮುಗಳಿಗೂ ಕೊಲ್ಹಾಪುರಕ್ಕೂ ಹಳೇ ನಂಟು. ಹಾಗಾಗಿ ಆ ಭಾಗದವರಿಗೆ ಅವರು ಪರಊರಿನವರಲ್ಲ.

ಇನ್ನು ಜೋಡಿ ಕಟ್ಟುವ ಕೆಲಸ. ಇಲ್ಲಿ ಅದನ್ನು ಹಿರಿಯರ ಕಣ್ಣು ಮಾಡುವುದಿಲ್ಲ, ತಕ್ಕಡಿ ಮಾಡುತ್ತದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ವಿನೇಶ್ ಫೋಗಟ್‌ಗೆ ಆದದ್ದು ಇದೇ. 50 ಕೆಜಿ ವಿಭಾಗ. ಆಗಸ್ಟ್ 6ರಂದು ತೂಕ ಸರಿ ಇತ್ತು. ಅವತ್ತು ಹಿಂದಿನ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದಿದ್ದ ಜಪಾನಿನ ಯುಯಿ ಸುಸಾಕಿಯನ್ನೂ ಸೋಲಿಸಿ ಫೈನಲ್‌ಗೆ ಬಂದರು. ಮಾರನೇ ದಿನ ಬೆಳಗ್ಗೆ ಮತ್ತೆ ತೂಕ ಹಾಕಿದಾಗ 100 ಗ್ರಾಂ ಜಾಸ್ತಿ. ಫೈನಲ್ ಇಲ್ಲ, ಬೆಳ್ಳಿಯೂ ಇಲ್ಲ. 100 ಗ್ರಾಂ ಅಂದರೆ ಹೋಟೆಲಿನಲ್ಲಿ ಕೊಡುವ ಒಂದು ಸಣ್ಣ ಲೋಟ ಕಾಫಿ.

ಇದು ಅನ್ಯಾಯ ಅಂತ ಎಷ್ಟೋ ಜನ ಅತ್ತರು, ನನಗೂ ಹೊಟ್ಟೆ ಉರಿಯಿತು. ಆದರೆ ತೂಕದ ನಿಯಮ ಯಾಕಿದೆ ಅನ್ನುವುದನ್ನು ತಿಳಿಯಬೇಕು. ಕುಸ್ತಿಪಟುಗಳು ಪಂದ್ಯಕ್ಕೆ ಮುಂಚೆ ಊಟ, ನೀರು ಬಿಟ್ಟು, ಬೆವರು ಹರಿಸಿ ತೂಕ ಇಳಿಸುತ್ತಾರೆ. ತೂಕ ಹಾಕಿದ ಮೇಲೆ ತಿಂದು ಕುಡಿದು ಮತ್ತೆ ಭಾರವಾಗುತ್ತಾರೆ. ಹೀಗೆ ಮಾಡಿದರೆ ಹಗುರದವರ ಮೇಲೆ ಭಾರದವರು ಬೀಳುವ ಹಾಗಾಗುತ್ತದೆ. ಜೊತೆಗೆ ಒಣಗಿದ ದೇಹಕ್ಕೆ ಅಪಾಯ. ಇದನ್ನು ತಡೆಯಲು ಎರಡನೇ ದಿನವೂ ತೂಕ ಹಾಕುತ್ತಾರೆ. ಉದ್ದೇಶ ಪಟುವನ್ನು ಕಾಯುವುದು. ಅದರ ಪೆಟ್ಟು ತಿಂದವರೂ ಪಟುವೇ.

ಮುಷ್ಟಿಯ ಆಟದಲ್ಲಿ ಮಿದುಳಿನ ಪಾಡು

ಕುಸ್ತಿಯಲ್ಲಿ ಹಿಡಿಯುತ್ತಾರೆ, ಕೆಡವುತ್ತಾರೆ. ಬಾಕ್ಸಿಂಗ್‌ನಲ್ಲಿ ಹೊಡೆಯುತ್ತಾರೆ, ಅದೂ ಹೆಚ್ಚಾಗಿ ತಲೆಗೆ. ಈ ವ್ಯತ್ಯಾಸ ಬಹಳ ದೊಡ್ಡದು.

ಒಂದು ಗಡಿಗೆಯಲ್ಲಿ ಗಟ್ಟಿ ಮೊಸರು ಇದೆ ಅಂದುಕೊಳ್ಳಿ. ಗಡಿಗೆಯನ್ನು ಜೋರಾಗಿ ಅಲ್ಲಾಡಿಸಿ ಥಟ್ಟನೆ ನಿಲ್ಲಿಸಿ. ಗಡಿಗೆಗೆ ಏನೂ ಆಗಿರುವುದಿಲ್ಲ, ಒಳಗೆ ಮೊಸರು ಒಡೆದಿರುತ್ತದೆ. ತಲೆಬುರುಡೆ ಗಡಿಗೆ, ಮಿದುಳು ಮೊಸರು. ದವಡೆಗೆ ಏಟು ಬಿದ್ದಾಗ ತಲೆ ಗಿರಕ್ಕನೆ ತಿರುಗುತ್ತದೆ, ಒಳಗಿನ ಮಿದುಳು ಸ್ವಲ್ಪ ತಡವಾಗಿ ತಿರುಗುತ್ತದೆ. ಆಗ ಒಳಗಿನ ನವಿರಾದ ಎಳೆಗಳು ಜಗ್ಗುತ್ತವೆ. ಪ್ರಜ್ಞೆ ತಪ್ಪುವುದು ಹೀಗೆ.

ಕೈಗವಸು ಹಾಕಿದರೆ ಅಪಾಯ ಕಡಿಮೆ ಅಂತ ಎಲ್ಲರೂ ನಂಬುತ್ತಾರೆ. ಅದು ಅರ್ಧ ಮಾತ್ರ ನಿಜ. 1867ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಕ್ವೀನ್ಸ್‌ಬೆರಿ ನಿಯಮಗಳು ಕೈಗವಸು, ಮೂರು ನಿಮಿಷದ ಸುತ್ತು, ಬಿದ್ದವನು ಏಳಲು 10 ಸೆಕೆಂಡು, ಇದೆಲ್ಲ ತಂದವು. ಬಾಕ್ಸಿಂಗ್ ನಿಲ್ಲುವುದು ಆ ಹತ್ತರ ಎಣಿಕೆಗೆ. ಕೈಗವಸಿನಿಂದ ಮುಖದ ಚರ್ಮ ಹರಿಯುವುದು ಕಡಿಮೆಯಾಯಿತು. ಆದರೆ ಬರಿಗೈಯಲ್ಲಿ ಬುರುಡೆಗೆ ಜೋರಾಗಿ ಗುದ್ದಿದರೆ ಗುದ್ದಿದವನ ಬೆರಳೇ ಮುರಿಯುತ್ತಿತ್ತು. ಗವಸು ಬಂದ ಮೇಲೆ ಆ ಭಯ ಹೋಯಿತು, ತಲೆಗೆ ಹೊಡೆಯುವುದು ಸಲೀಸಾಯಿತು. ಕೈಗವಸು ಜಾಸ್ತಿ ಕಾಯುವುದು ಕೈಯನ್ನು.

ಒಂದು ದೊಡ್ಡ ಏಟಿಗಿಂತ ವರ್ಷಗಟ್ಟಲೆ ಬೀಳುವ ಸಣ್ಣ ಏಟುಗಳ ಲೆಕ್ಕ ಕೆಟ್ಟದ್ದು. 1928ರಲ್ಲೇ ಅಮೆರಿಕದ ವೈದ್ಯ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ ಹಳೇ ಬಾಕ್ಸರ್‌ಗಳ ಬಗ್ಗೆ ಬರೆದರು. ಕುಡಿಯದಿದ್ದರೂ ಕುಡಿದವರ ಹಾಗೆ ತೂರಾಡುತ್ತಿದ್ದರು, ಮಾತು ತೊದಲುತ್ತಿತ್ತು, ಬುದ್ಧಿ ಮಂಕಾಗುತ್ತಿತ್ತು. ಇವತ್ತು ಇದನ್ನು ಮಿದುಳಿನ ಒಂದು ಕಾಯಿಲೆ ಅಂತಲೇ ಗುರುತಿಸಿದ್ದಾರೆ.

ಇದು ದೂರದ ಮಾತಲ್ಲ. 2022ರಲ್ಲಿ ಬೆಂಗಳೂರಿನ ಕಿಕ್‌ಬಾಕ್ಸಿಂಗ್ ಸ್ಪರ್ಧೆಯೊಂದರಲ್ಲಿ ಏಟು ತಿಂದು ಬಿದ್ದ ಮೈಸೂರಿನ ಹುಡುಗನೊಬ್ಬ ಮತ್ತೆ ಏಳಲಿಲ್ಲ. ನಿಮ್ಮ ಮಕ್ಕಳು ಇಂಥ ಸ್ಪರ್ಧೆಗೆ ಹೋಗುತ್ತೇವೆ ಅಂದರೆ ಬೇಡ ಅನ್ನಬೇಕಿಲ್ಲ. ಆದರೆ ರಿಂಗ್ ಪಕ್ಕ ಡಾಕ್ಟರ್ ಇರುತ್ತಾರಾ, ಆಂಬುಲೆನ್ಸ್ ನಿಂತಿರುತ್ತದಾ, ತಲೆಗೆ ಏಟು ಬಿದ್ದವರನ್ನು ಮತ್ತೆ ಎಷ್ಟು ದಿನಕ್ಕೆ ಇಳಿಸುತ್ತಾರೆ, ಇಷ್ಟನ್ನು ದಯವಿಟ್ಟು ಕೇಳಿ. ಉತ್ತರ ತಡವರಿಸಿದರೆ ವಾಪಸ್ ಕರೆದುಕೊಂಡು ಬನ್ನಿ.

ಬೇಲಿಯೇ ಇಲ್ಲದ ಹಾಗೆ ಆಡಿಸಿ ನೋಡಿದವರೂ ಇದ್ದಾರೆ. 1993ರ ನವೆಂಬರ್‌ನಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಮೊದಲ ಯುಎಫ್‌ಸಿ ಸ್ಪರ್ಧೆ ನಡೆಯಿತು. ಗುದ್ದು, ಒದೆತ, ಕುಸ್ತಿ ಎಲ್ಲವನ್ನೂ ಒಂದೇ ಕಣದಲ್ಲಿ ಬೆರೆಸಿದ ಹೊಡೆದಾಟ ಅದು. ತೂಕದ ವಿಭಾಗ ಇರಲಿಲ್ಲ. ಕಚ್ಚಬಾರದು, ಕಣ್ಣಿಗೆ ಚುಚ್ಚಬಾರದು ಅನ್ನುವಂಥ ಬೆರಳೆಣಿಕೆಯ ನಿಯಮ ಅಷ್ಟೇ. ಸೆನೆಟರ್ ಜಾನ್ ಮೆಕೇನ್ ಇದನ್ನು ಮನುಷ್ಯರ ಕೋಳಿ ಅಂಕ ಅಂತ ಕರೆದರು. ಒಂದೊಂದೇ ರಾಜ್ಯ ನಿಷೇಧಿಸಲು ಶುರು ಮಾಡಿತು. ಆಟ ಉಳಿದದ್ದು ತೂಕದ ವಿಭಾಗ, ಸಮಯ, ಕೈಗವಸು, ನಿಷೇಧಗಳ ಉದ್ದನೆಯ ಪಟ್ಟಿ ಎಲ್ಲ ಬಂದ ಮೇಲೆಯೇ. ಅಲ್ಲಿ ಸೋಲೊಪ್ಪುವವನು ಕೈಯಿಂದ ಎರಡು ಸಲ ತಟ್ಟಿದರೆ ಸಾಕು, ನಿಲ್ಲುತ್ತದೆ.

ಫಲಿತಾಂಶ ಮೊದಲೇ ಗೊತ್ತಿರುವ ಆಟ

ತೊಂಬತ್ತರ ದಶಕದಲ್ಲಿ ಶಾಲೆಗೆ ಹೋದವರಿಗೆ ಟ್ರಂಪ್ ಕಾರ್ಡ್ಸ್ ನೆನಪಿರುತ್ತದೆ. ಕುಸ್ತಿಪಟುಗಳ ಎತ್ತರ, ತೂಕ, ಎದೆ ಸುತ್ತಳತೆ ಬರೆದ ಕಾರ್ಡುಗಳು. ಅವರಲ್ಲಿ ಅಂಡರ್‌ಟೇಕರ್ ಅನ್ನುವವನು ನಿಜವಾಗಲೂ ಸತ್ತು ಬದುಕಿದ ಅಂತ ನಂಬಿದ್ದ ಹುಡುಗರಿದ್ದರು. ಇವರೆಲ್ಲ ಆಡುತ್ತಿದ್ದ, ಟಿವಿಯಲ್ಲಿ ಬರುವ ಅಮೆರಿಕದ ಡಬ್ಲ್ಯುಡಬ್ಲ್ಯುಇ ಕುಸ್ತಿ ಪಂದ್ಯ ಎಲ್ಲಿ ನಿಲ್ಲುತ್ತದೆ? ಬರೆದಿಟ್ಟ ಜಾಗದಲ್ಲಿ. ಯಾರು ಗೆಲ್ಲಬೇಕು ಅಂತ ಮೊದಲೇ ತೀರ್ಮಾನ ಆಗಿರುತ್ತದೆ. ಇದು ಕ್ರೀಡೆಯಲ್ಲ, ಮನರಂಜನೆ ಅಂತ 1989ರಲ್ಲಿ ನ್ಯೂಜೆರ್ಸಿ ರಾಜ್ಯದ ಮುಂದೆ ಕಂಪನಿಯೇ ಒಪ್ಪಿಕೊಂಡಿತು. ಒಪ್ಪಿಕೊಂಡರೆ ಕ್ರೀಡೆಯ ಕಟ್ಟುಪಾಡುಗಳಿಂದ ಬಿಡುಗಡೆ ಸಿಗುತ್ತಿತ್ತು.

ಹಾಗಂತ ಎಲ್ಲ ಸುಳ್ಳಲ್ಲ. ಮೇಲಿಂದ ಬೀಳುವ ಮೈ ನಿಜವಾದದ್ದು, ಮುರಿಯುವ ಮೂಳೆಯೂ ನಿಜ. ನಮ್ಮ ಸಿನಿಮಾ ಫೈಟ್ ಕೂಡ ಹೀಗೆಯೇ. ಮುಷ್ಟಿ ದವಡೆಯ ಪಕ್ಕದಲ್ಲಿ ಹಾದುಹೋಗುತ್ತದೆ, ಕ್ಯಾಮೆರಾ ಇಟ್ಟ ಕೋನದಿಂದ ತಾಗಿದ ಹಾಗೆ ಕಾಣುತ್ತದೆ. ಏಟಿಗೆ ಜೀವ ಬರುವುದು ಹೊಡೆದವನಿಂದಲ್ಲ, ಸರಿಯಾದ ಗಳಿಗೆಗೆ ತಲೆ ತಿರುಗಿಸಿ ಹಾರಿ ಬೀಳುವವನಿಂದ. ಮೈಸೂರಿನ ಪೈಲ್ವಾನರಾಗಿದ್ದ ಎಂ.ಪಿ. ಶಂಕರ್ ಸಿನಿಮಾಕ್ಕೆ ಬಂದಾಗ ತಂದದ್ದು ಗರಡಿಯಲ್ಲಿ ಬೆಳೆಸಿದ ಮೈಯನ್ನು. ತೆರೆಯ ಮೇಲೆ ಅವರು ನಿಂತರೆ ಸಾಕಿತ್ತು.

ಪೊಲೀಸರು ಯಾಕೆ ಹಿಡಿಯಲಿಲ್ಲ?

ಪುಟ್ಟಿಯ ಕೊನೆಯ ಪ್ರಶ್ನೆಗೆ ಉತ್ತರ ಕಾನೂನಿನಲ್ಲೇ ಇದೆ. ಭಾರತೀಯ ನ್ಯಾಯ ಸಂಹಿತೆಯ 25ನೇ ಸೆಕ್ಷನ್. ಹಿಂದಿನ 1860ರ ದಂಡ ಸಂಹಿತೆಯಲ್ಲಿ ಅದು 87ನೇ ಸೆಕ್ಷನ್ ಆಗಿತ್ತು. 18 ದಾಟಿದವರು ಒಪ್ಪಿಕೊಂಡು ಆಟಕ್ಕೆ ಇಳಿದರೆ, ಸಾವು ಅಥವಾ ತೀವ್ರ ಗಾಯ ಮಾಡುವ ಉದ್ದೇಶ ಇಲ್ಲದಿದ್ದರೆ, ಅಂಥದ್ದು ಆಗಬಹುದು ಅನ್ನುವ ಅರಿವೂ ಇಲ್ಲದಿದ್ದರೆ, ಆದ ಸಣ್ಣಪುಟ್ಟ ಪೆಟ್ಟು ಅಪರಾಧವಲ್ಲ. ಕಾನೂನೇ ಕೊಟ್ಟಿರುವ ಉದಾಹರಣೆ ಕತ್ತಿವರಸೆಯದ್ದು. ಇಬ್ಬರು ಮೋಜಿಗಾಗಿ ಕತ್ತಿವರಸೆ ಆಡಲು ಒಪ್ಪುತ್ತಾರೆ. ಮೋಸ ಮಾಡದೆ ಆಡುವಾಗ ಒಬ್ಬನಿಗೆ ಪೆಟ್ಟಾದರೆ ಇನ್ನೊಬ್ಬ ಅಪರಾಧಿಯಲ್ಲ. 'ಮೋಸ ಮಾಡದೆ' ಅನ್ನುವುದು ಮುಖ್ಯ. ನಿಯಮ ಮುರಿದು ಹೊಡೆದ ಏಟಿಗೆ ಎದುರಾಳಿ ಒಪ್ಪಿಗೆ ಕೊಟ್ಟಿರಲಿಲ್ಲ, ಅಲ್ವಾ?

ಅದೇ ಇಬ್ಬರು ಬಸ್ ಸ್ಟ್ಯಾಂಡಿನಲ್ಲಿ ಹೊಡೆದಾಡಿ ಸಾರ್ವಜನಿಕ ಶಾಂತಿ ಕದಡಿದರೆ ಅದು ಅಪರಾಧ. ಕೋಳಿ ಅಂಕದ ಕಥೆಯೂ ಇಲ್ಲೇ ಇದೆ. ಕಾಲಿಗೆ ಬಾಳು, ಅಂದರೆ ಸಣ್ಣ ಕತ್ತಿ, ಕಟ್ಟಿಸಿಕೊಂಡ ಹುಂಜ ಯಾವುದಕ್ಕೂ ಒಪ್ಪಿಲ್ಲ, ಸೋಲು ಒಪ್ಪಿಕೊಂಡು ಹೊರಗೆ ಬರಲೂ ಅದಕ್ಕೆ ದಾರಿಯಿಲ್ಲ. ಪ್ರಾಣಿಗಳನ್ನು ಕಾದಾಟಕ್ಕೆ ಬಿಡುವುದನ್ನು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಅಪರಾಧ ಅನ್ನುತ್ತದೆ.

ಕೋಪ ಇಳಿಯುತ್ತದಾ?

'ಹುಡುಗ ಸಿಟ್ಟಿನವನು, ಬಾಕ್ಸಿಂಗ್‌ಗೆ ಹಾಕಿ, ಎಲ್ಲ ಹೊರಗೆ ಹೋಗುತ್ತೆ' ಅನ್ನುವ ಸಲಹೆ ಕೇಳಿರುತ್ತೀರಿ. ಕುಕ್ಕರ್ ಸೀಟಿ ಹೊಡೆದು ಆವಿ ಬಿಟ್ಟ ಹಾಗೆ ಅನ್ನುವ ಲೆಕ್ಕ. ಮನುಷ್ಯ ಕುಕ್ಕರ್ ಅಲ್ಲ. 2002ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬ್ರಾಡ್ ಬುಶ್‌ಮನ್ ಒಂದು ಪ್ರಯೋಗ ಮಾಡಿದರು. ಸಿಟ್ಟು ಬರಿಸಿದವರನ್ನು ನೆನೆಯುತ್ತಾ ಪಂಚಿಂಗ್ ಬ್ಯಾಗ್‌ಗೆ ಗುದ್ದಿದವರ ಕೋಪ, ಏನೂ ಮಾಡದೆ ಸುಮ್ನೆ ಕೂತವರಿಗಿಂತ ಜಾಸ್ತಿ ಆಗಿತ್ತು.

ಹಾಗಾದರೆ ಗರಡಿಗೆ ಹೋದ ಎಷ್ಟೋ ಹುಡುಗರು ತಣ್ಣಗಾದದ್ದು ಹೇಗೆ? ನನಗನ್ನಿಸುವ ಪ್ರಕಾರ ಅಲ್ಲಿ ಕೋಪವನ್ನು ಹೊರಗೆ ಹಾಕುವುದಿಲ್ಲ, ಅದಕ್ಕೆ ಜಾಗವನ್ನೇ ಕೊಡುವುದಿಲ್ಲ. ಬೆಳಗ್ಗೆ ಐದಕ್ಕೆ ಏಳಬೇಕು, ಮಣ್ಣು ಅಗೆಯಬೇಕು, ವಸ್ತಾದರ ಮಾತು ಕೇಳಬೇಕು, ತನಗಿಂತ ಚಿಕ್ಕವನ ಕೈಯಲ್ಲಿ ಬಿದ್ದು ಮತ್ತೆ ಎದ್ದು ನಿಲ್ಲಬೇಕು. ಕೋಪದಲ್ಲಿ ಆಡಿದವನು ಪಟ್ಟು ಮರೆತು ಮೊದಲೇ ಬೀಳುತ್ತಾನೆ.

ಈ ಸಲ ಕುಸ್ತಿ ನೋಡಲು ಹೋದರೆ

ಮೈಸೂರಿನಲ್ಲಿ ದಸರಾ ಕುಸ್ತಿ ವಸ್ತುಪ್ರದರ್ಶನದ ಆವರಣದ ದೇವರಾಜ ಅರಸು ಕ್ರೀಡಾಂಗಣದಲ್ಲಿ ನಡೆಯುತ್ತದೆ. ಮಕ್ಕಳನ್ನು ಕರೆದುಕೊಂಡು ಹೋಗಿ. ಪೈಲ್ವಾನರು ಕಣಕ್ಕೆ ಇಳಿದು ತೊಡೆ ತಟ್ಟಿ, ಕೈ ಕುಲುಕಿ, ಒಂದು ಹಿಡಿ ಮಣ್ಣು ತೆಗೆದು ಎದುರಾಳಿಯ ಮೈಗೆ ಹಚ್ಚುವುದನ್ನು ತೋರಿಸಿ. ಬೆವರಿದ ಮೈ ಜಾರುತ್ತದೆ, ಮಣ್ಣು ಹಚ್ಚಿದರೆ ಹಿಡಿತ ಸಿಗುತ್ತದೆ. ಆಮೇಲೆ ಕಾಲು, ಕೈ ನೋಡಬೇಡಿ, ಭುಜ ನೋಡಿ.

ನಮ್ಮಲ್ಲಿ ಒಂದು ಗಾದೆ ಇದೆ, ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂತ. ಕುಸ್ತಿಯ ನಿಯಮ ಗೊತ್ತಾದ ಮೇಲೆ ಅದರ ಚುಚ್ಚು ಎಲ್ಲಿದೆ ಅಂತ ಪುಟ್ಟಿಗೂ ತಿಳಿಯಿತು. ಬೋರಲು ಬಿದ್ದವನ ಮೀಸೆಗೆ ಮಣ್ಣು ಹತ್ತುತ್ತದೆ, ಆದರೆ ಅವನು ಸೋತಿಲ್ಲ, ಇನ್ನೂ ಆಡಬಹುದು. ಮೀಸೆ ಮಣ್ಣಾಗದೆ ಕೆಳಗೆ ಬಿದ್ದಿದ್ದಾನೆ ಅಂದರೆ ಅವನ ಬೆನ್ನು ಮಟ್ಟಿಗೆ ತಾಗಿದೆ.